ಇಟಾಸ್ಕಾದ ಫೋನು

ಉಣ್ಣುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತಿತ್ತು. ಮಿಹಿರ್ ಎಡಗೈಯಲ್ಲಿ ಅದನ್ನೆತ್ತಿಕೊಂಡು ಬೇಸ್‌ಮೆಂಟಿನ ಮೆಟ್ಟಿಲಿಳಿದನೆಂದರೆ, ತಟ್ಟೆಯಲ್ಲಿದ್ದ ಬಿಸಿ ರೊಟ್ಟಿ ಆರಿ ಸೆಟೆದುಕೊಳ್ಳುವವರೆಗೆ ಮೇಲೆ ಬರುತ್ತಿರಲಿಲ್ಲ. ಅವನ ಹೆಂಡತಿ ಲೀನಾ ಆ ತಟ್ಟೆಯನ್ನು ನೋಡುತ್ತ ತನ್ನ ಊಟ ಮುಗಿಸುತ್ತಿದ್ದಳು.

ಫಾರ್ಮಿಂಗ್ಟನ್ ಹಿಲ್ಸ್‌ನ ಆ ಮನೆಯಲ್ಲಿ ಮಧ್ಯಾಹ್ನದ ಊಟ ಸುಮ್ಮನೆ ಆಗುವ ಕೆಲಸವಲ್ಲ. ಮಿಹಿರ್ ಊಟವಾದ ಮೇಲೆ ಮೈದಾನಕ್ಕೆ ಹೊರಟರೆ ಅವನು ಬರುವಾಗ ಮನೆಯವರೆಲ್ಲ ಮಲಗಿರುತ್ತಿದ್ದರು. ಮಗನ ಮುಖ ಕಾಣಲು ಇರುವುದು ಅದೊಂದೇ ಹೊತ್ತೆಂದು, ಮಕ್ಕಳ ಡಾಕ್ಟರಾದ ತಾಯಿ ಶಾಂಭವಿ ಎರಡು ಮೈಲಿ ಆಚೆಯ ಕ್ಲಿನಿಕ್ಕಿನಿಂದ ಕಾರು ಓಡಿಸಿಕೊಂಡು ಬರುತ್ತಿದ್ದಳು. ಅದೇ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂರುವ ಲೀನಾ ಅವಳ ಪಕ್ಕದ ಸೀಟಿನಲ್ಲಿ. ತಂದೆ ಕಲ್ಲಿನಾಥ ಆಫೀಸಿನ ಮೀಟಿಂಗುಗಳನ್ನು ಮನೆಯಿಂದಲೇ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ ಬರುತ್ತಿದ್ದ. ಅಜ್ಜಿ ಶಿವಕ್ಕನಂತೂ ಬೆಳಗಿನ ಕಾಫಿ ಇಳಿಯುವ ಮೊದಲೇ ಗರಾಜು ಸೇರಿರುತ್ತಿದ್ದಳು. ಒಳಗೆ ರೊಟ್ಟಿ ಬಡಿದರೆ ಹಂಚಿನ ಹೊಗೆಗೆ ಸೂರಿನ ಅಲಾರಂ ಬೊಬ್ಬೆ ಹೊಡೆಯುತ್ತದೆ. ಹಾಗಾಗಿ ಗರಾಜಿನ ಬಾಗಿಲೆತ್ತಿ, ಗ್ಯಾಸಿನ ಒಲೆ ಹೂಡಿ, ಎರಡು ಕಾರುಗಳ ನಡುವೆ ಕೂತು ಬಡಿಯುವುದು. ಬಾಗಲಕೋಟೆಯಿಂದ ಮೊಮ್ಮಗನನ್ನು ಸಾಕಲೆಂದು ಬಂದವಳು ಹಿಂತಿರುಗಲೇ ಇಲ್ಲ. ಮಿಶಿಗನ್ನಿನಲ್ಲಿ ಹುಟ್ಟಿದ ಮಿಹಿರನ ಬಾಯಲ್ಲಿ ಬಾಗಲಕೋಟೆಯ ಕನ್ನಡ ಕೂತದ್ದು ಹೀಗೆ.

ಇಷ್ಟು ಜನ ಇಷ್ಟೆಲ್ಲ ಒದ್ದಾಡಿ ಒಂದು ಮೇಜಿನ ಸುತ್ತ ಕೂತರೆ, ಇಟಾಸ್ಕಾದಿಂದ ಡಾಸನ್ ಫೋನು ಮಾಡುತ್ತಿದ್ದ.

"ಆಮೇಲೆ ಮಾತಾಡು ಮಿಹಿರ್, ಎಲ್ಲರೂ ನಿನಗೋಸ್ಕರ ಕೂತಿದಾರೆ," ಎಂದಳು ಲೀನಾ.

"ಎರಡ ನಿಮಿಷ. ಬಂದೆ," ಎಂದು ಅವನು ಇಳಿದ.

ಶಿವಕ್ಕ ಸೊಸೆಯ ತಟ್ಟೆಗೆ ಜುಣಕ ಬಡಿಸುತ್ತ ನಕ್ಕಳು. "ನನ್ನ ಮೊಮ್ಮಗ ಹೊಸಾ ಸೊಸಿ ಆಗ್ಯಾನ ನೋಡವಾ ಶಾಂಭವಿ. ಗಂಡನ ಮನ್ಯಾಗ ಕುಂತು ತವರಮನಿ ದಾರಿ ನೋಡಾಕತ್ತಾನ."

"ಎಂಥಾ ತವರಮನಿ ಬೇ," ಎಂದ ಕಲ್ಲಿನಾಥ. "ಅವರು ಇವನ್ನ ಹೊರಗ ಹಾಕ್ಯಾರ. ಹೊರಗ ಹಾಕಿದವರ ಹಿತ್ತಲಾ ಬಳದು ಬರಾಕತ್ತಾನ ಇವ."

"ಮೆಲ್ಲಗ ಮಾತಾಡ್ರಿ, ಕೇಳಸ್ತದ," ಎಂದಳು ಶಾಂಭವಿ.

"ಕೇಳಲಿ."

ಹೊರಗೆ ಹಾಕಿದ್ದು ನಿಜ. ಶಿಕಾಗೋ ಹತ್ತಿರದ ಇಟಾಸ್ಕಾದಲ್ಲಿ ಹೆರನ್ಸ್ ಎಂಬ ಬೇಸ್‌ಬಾಲ್ ತಂಡ. ದೊಡ್ಡ ಲೀಗಿನ ಬಾಗಿಲು ತಟ್ಟುವ ಎಳೆಯರು, ಆ ಬಾಗಿಲಿನಿಂದ ವಾಪಸು ಬಂದ ಹಳಬರು ಕೂಡಿ ಆಡುವ ಪುಟ್ಟ ಲೀಗು ಅದು. ಮಿಹಿರ್ ಅಲ್ಲಿ ಆರು ಬೇಸಿಗೆ ಕ್ಯಾಚರ್ ಆಗಿದ್ದ. ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರನ ಹಾಗೆ ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂರುವವನು, ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ನಿಂತು ಚೆಂಡೆಸೆಯುವ ಪಿಚರ್ ಯಾವ ಚೆಂಡು ಎಸೆಯಬೇಕು, ಎಲ್ಲಿಗೆ ಎಸೆಯಬೇಕು, ಹೆದರಿದಾಗ ಏನು ಮಾಡಬೇಕು ಎಂಬುದೆಲ್ಲ ಇವನ ತಲೆನೋವು. ಡಾಸನ್ ಸೇರಿದಂತೆ ಅಲ್ಲಿನ ಪಿಚರ್‌ಗಳನ್ನೆಲ್ಲ ಮಿಹಿರ್ ಮಕ್ಕಳ ಹಾಗೆ ನೋಡಿಕೊಂಡಿದ್ದ. ಇಟಾಸ್ಕಾದ ಆ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಲೀನಾ ಅವರಿಗೆಲ್ಲ ಬಿಸಿಬೇಳೆಬಾತು ಮಾಡಿ ಬಡಿಸಿದ್ದಳು. ಚಳಿಗಾಲದಲ್ಲಿ ತಂಡದವರು ಇವನಿಗಿಂತ ಚಿಕ್ಕ ವಯಸ್ಸಿನ ಕ್ಯಾಚರನನ್ನು ತಂದುಕೊಂಡು, ಇವನಿಗೆ ಫೋನಿನಲ್ಲಿ ಥ್ಯಾಂಕ್ಸ್ ಹೇಳಿದರು. ಆ ಮಾತು ಮುಗಿಯಲು ಕುಕ್ಕರಿನ ಎರಡು ಸೀಟಿಯಷ್ಟು ಹೊತ್ತೂ ಹಿಡಿಯಲಿಲ್ಲ.

ಲೀನಾ ಇಟಾಸ್ಕಾದ ತನ್ನ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಅಳಲಿಲ್ಲ. ಯಾಕೆಂದರೆ ಡೆಟ್ರಾಯ್ಟ್ ಕಡೆಯ ಮಿಲ್‌ರೈಟ್ಸ್ ತಂಡ ಅವನನ್ನು ಕರೆದಿತ್ತು, ಅತ್ತೆ ಮಾವನ ಮನೆಯಿಂದ ಅರ್ಧ ಗಂಟೆಯ ಡ್ರೈವ್. ಅಲ್ಲಿನ ಮ್ಯಾನೇಜರು ಮುದುಕ, ನೇರ ಮನುಷ್ಯ. "ನಮ್ಮ ಎಳೆಯ ಪಿಚರ್‌ಗಳನ್ನು ಈ ಬೇಸಿಗೆಯಲ್ಲಿ ತಿದ್ದಿ ತೋರಿಸು. ಮುಂದಿನ ವರ್ಷದಿಂದ ನೀನೇ ಅವರ ಕೋಚ್," ಎಂದಿದ್ದ. ಮಿಹಿರನ ಮೊಣಕಾಲುಗಳು ಇನ್ನೆಷ್ಟು ದಿನ ತಡೆಯುತ್ತವೆಂದು ತಾಯಿ ಡಾಕ್ಟರಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಕೋಚ್ ಆದರೆ ಆಟದೊಳಗೇ ಬದುಕು. ಆಗದಿದ್ದರೆ ರಾಚೆಸ್ಟರ್ ಹಿಲ್ಸ್‌ನಲ್ಲಿ ಕಲ್ಲಿನಾಥನ ಗೆಳೆಯ ರಾಜಶೇಖರನ ಆಫೀಸು ಇದ್ದೇ ಇತ್ತು. ಕಾರಿನ ಬಿಡಿಭಾಗ ಸಪ್ಲೈ ಮಾಡುವ ಕಂಪನಿ. ಅಲ್ಲೊಂದು ಕುರ್ಚಿ ಕಾದಿತ್ತು. ಆ ಕುರ್ಚಿಯಲ್ಲಿ ಮಿಹಿರನನ್ನು ಕೂರಿಸಿ ನೋಡಲು ಲೀನಾ ಎಷ್ಟು ಪ್ರಯತ್ನಪಟ್ಟರೂ ಅವಳ ಕಣ್ಣಿಗೆ ಖಾಲಿ ಕುರ್ಚಿಯೇ ಕಾಣುತ್ತಿತ್ತು. ಈ ಬೇಸಿಗೆಯೊಂದು ದಾಟಿದರೆ ಸಾಕೆಂದು ಅವಳು ಸಿಕ್ಕಸಿಕ್ಕ ದೇವರಿಗೆಲ್ಲ ಹೇಳಿಕೊಂಡಿದ್ದಳು.

ಜೂನಿನಲ್ಲಿ ಶಾಂಭವಿ ಒಂದು ಉಪಾಯ ಮಾಡಿದಳು. "ಹೊಸಾ ಟೀಮಿನ ಹುಡುಗರನ್ನ ಊಟಕ್ಕ ಕರಿ ಲೀನಾ. ಇಟಾಸ್ಕಾದಾಗ ನೀನಽ ಹೇಳ್ತಿದ್ದಿ, ಹುಡುಗರು ಮನಿಗೆ ಬಂದ್ರ ಇವ ಬ್ಯಾರೆ ಮನಷ್ಯಾನ ಆಗ್ತಾನ ಅಂತ."

"ಅವನು ಕರೆಯಲ್ಲ ಅತ್ತೆ. ಕೇಳಿದ್ರೆ ಇನ್ನೂ ಪರಿಚಯ ಆಗಿಲ್ಲ ಅಂತಾನೆ."

"ಪರಿಚಯ ಆಗ್ಲಿ ಅಂತಽ ಕರಿಯೂದು. ನೀ ಮೆಸೇಜ್ ಮಾಡು."

ಆಟವಿಲ್ಲದ ಸೋಮವಾರ ನಾಲ್ವರು ಹುಡುಗರು ಬಂದರು. ಮೂವರು ಪಿಚರ್‌ಗಳು, ಇನ್ನೊಬ್ಬ ಟ್ರೆವರ್, ಮೈದಾನದ ನಡುವೆ ನಿಂತು ಚೆಂಡು ತಡೆಯುವವನು. ಟ್ರೆವರ್ ಗರಾಜಿನಲ್ಲಿ ಶಿವಕ್ಕನ ಎದುರು ನೆಲದ ಮೇಲೆ ಕೂತು, ಹಂಚಿನಿಂದ ಇಳಿದ ರೊಟ್ಟಿಯನ್ನು ಇಳಿದ ಹಾಗೇ ತಿಂದ. ಕೆಂಪುಖಾರ ಹಚ್ಚಿಕೊಂಡು ಕಣ್ಣಲ್ಲಿ ನೀರು ಸುರಿಸಿಕೊಂಡ, ಮತ್ತೆ ಕೇಳಿದ. ಶಿವಕ್ಕನಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಇಬ್ಬರೂ ಒಂದು ಗಂಟೆ ಮಾತಾಡಿದರು.

"ಹಸದ ಹುಡುಗ ಪಾಪ, ತಾಯಿ ದೂರ ಅದಾಳ ಕಾಣತೈತಿ," ಎಂದು ಶಿವಕ್ಕ ಅವನ ತಟ್ಟೆಗೆ ಬೆಣ್ಣೆ ಹಾಕಿದಳು.

ಪಿಚರ್‌ಗಳು ಮೇಜಿನ ಸುತ್ತ ಕೂತು ಮಿಹಿರನನ್ನು ಕಾದರು. ಅವರಲ್ಲೊಬ್ಬ ತನ್ನ ಬೆರಳುಗಳನ್ನು ಒಂದು ಕಿತ್ತಳೆಹಣ್ಣಿನ ಮೇಲೆ ಜೋಡಿಸಿ, ಚೆಂಡಿನ ಈ ಹಿಡಿತವನ್ನೇ ಕೇಳಬೇಕಿತ್ತು ಎಂದು ಲೀನಾಳಿಗೆ ತೋರಿಸಿದ. ಫೋನು ಬಂದಿತ್ತು. ಮಿಹಿರ್ ಕೆಳಗಿದ್ದ. ಹುಡುಗರು ಹೊರಡುವಾಗ ಮೇಲೆ ಬಂದು ಎಲ್ಲರ ಕೈಕುಲುಕಿದ, ಒಬ್ಬನ ಹೆಸರು ತಪ್ಪು ಹೇಳಿದ. ಲೀನಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಿತ್ತಳೆಹಣ್ಣು ಮೇಜಿನ ಮೇಲೇ ಉಳಿಯಿತು, ಸಂಜೆ ಕಲ್ಲಿನಾಥ ಸುಲಿದು ತಿಂದ.

ಅಲ್ಲಿಂದ ಮೂರು ವಾರಕ್ಕೆ ಹೆರನ್ಸ್ ತಂಡ ಮಿಶಿಗನ್ನಿಗೆ ಆಡಲು ಬರುವುದಿತ್ತು. ಆ ವಾರದ ಶುಕ್ರವಾರ ಲೀನಾ ಬೇಸ್‌ಮೆಂಟಿನಲ್ಲಿ ಒಗೆದ ಬಟ್ಟೆಗಳನ್ನು ಡ್ರೈಯರಿನಿಂದ ತೆಗೆದು ಮಡಚುತ್ತಿದ್ದಳು. ಆಚೆ ಸೋಫಾದ ಮೇಲೆ ಮಿಹಿರ್ ಕಾಲು ಚಾಚಿ, ಮೊಣಕಾಲ ಮೇಲೆ ಐಸಿನ ಚೀಲ ಇಟ್ಟುಕೊಂಡು ಫೋನಿನಲ್ಲಿದ್ದ. ದಿನವೂ ಕೇಳುವ ಮಾತುಗಳೇ. ಹೆಬ್ಬೆರಳು ಸಡಿಲ ಬಿಡು, ಉಸಿರು ಬಿಟ್ಟ ಮೇಲೆ ಕಾಲೆತ್ತು. ಡಾಸನ್ ಒಂದು ಚೆಂಡನ್ನು ಎರಡು ವರ್ಷದಿಂದ ಕಲಿಯುತ್ತಿದ್ದ. ಚೇಂಜಪ್ ಎನ್ನುತ್ತಾರೆ. ಜೋರಾಗಿ ಬರುವ ಹಾಗೆ ಕಂಡು ನಿಧಾನವಾಗಿ ಬಂದು, ಬ್ಯಾಟು ಬೀಸಿದವನ ಮುಂದೆ ಕುಸಿಯುವ ಚೆಂಡು. ಆಮೇಲೆ ಮಿಹಿರ್ ಹೇಳಿದ್ದು ಕೇಳಿ ಲೀನಾಳ ಕೈ ನಿಂತಿತು. "ಟ್ರೆವರ್‌ಗೆ ಒಳಗೆ, ಮೊಣಕಾಲ ಹತ್ತಿರ ಹಾಕು. ಅವನಿಗೆ ತಾಳ್ಮೆ ಇಲ್ಲ. ಬೀಸಿಬಿಡುತ್ತಾನೆ."

ಫೋನು ಇಟ್ಟ ಮೇಲೆ ಅವಳು ಕೇಳಿದಳು. "ಟ್ರೆವರ್ ಅಂದ್ರೆ ಗರಾಜಲ್ಲಿ ಕೂತು ಊಟ ಮಾಡಿದವನು ತಾನೇ?"

"ಹೂಂ."

"ನಿಮ್ಮ ಟೀಮಿನವನು."

"ನಮ್ಮ ಟೀಮಂದ್ರ ಯಾವದು?" ಎಂದ ಮಿಹಿರ್. ಕುಹಕದಿಂದ ಕೇಳಿದ್ದಲ್ಲ, ನಿಜಕ್ಕೂ ಕೇಳಿದ. ಒಂದು ಕ್ಷಣದ ಮೇಲೆ ತಾನೇನು ಮಾಡಿದೆನೆಂದು ಹೊಳೆದು ಅವನ ಮುಖ ಕಪ್ಪಿಟ್ಟಿತು. "ಅವ ಕೇಳಿದ, ನಾ ಹೇಳಿದೆ. ಪಿಚರ್ ಕೇಳಿದ್ರ ಕ್ಯಾಚರ್ ಹೇಳ್ತಾನ ಲೀನಾ. ವಿಚಾರನ ಮಾಡಲಿಲ್ಲ ನಾ."

"ಈಗಲೇ ಫೋನ್ ಮಾಡು. ಅದನ್ನ ಮರೆತುಬಿಡು ಅನ್ನು. ಇನ್ಮೇಲೆ ನನಗೆ ಮಾಡಬೇಡ ಅನ್ನು."

"ಹಂಗ ಅನ್ನಾಕ ಆಗೂದಿಲ್ಲ."

"ಹಾಗಾದ್ರೆ ಸೀಸನ್ ಮುಗಿಯೋವರೆಗೆ ಎತ್ತಬೇಡ. ಎರಡು ತಿಂಗಳು ಅಷ್ಟೇ." ಅವಳು ಅವನ ಕಾಲ ಹತ್ತಿರ ಕೂತಳು. ಐಸಿನ ಚೀಲದಿಂದ ನೀರು ಸೋರಿ ಸೋಫಾ ಒದ್ದೆಯಾಗಿತ್ತು. "ನಿನ್ನ ಕಾಲು ಹಿಡ್ಕೋತೀನಿ ಮಿಹಿರ್. ಇದು ಹೋದ್ರೆ ಇನ್ನೊಂದು ಟೀಮ್ ಇಲ್ಲ. ನಿನಗೂ ಗೊತ್ತು."

"ಗೊತ್ತು."

"ಅವರು ನಿನ್ನ ಬೇಡ ಅಂದಿದಾರೆ."

"ಅವರು ಅಂದಾರ. ಡಾಸನ್ ಅಂದಿಲ್ಲ."

ಲೀನಾ ಬಟ್ಟೆಯ ಬುಟ್ಟಿ ಎತ್ತಿಕೊಂಡಳು. ಮಾವನಿಗೆ ಹೇಳಿದರೆ ಮನೆ ರಣರಂಗವಾಗುತ್ತದೆ, ಟ್ರೆವರ್‌ಗೆ ಹೇಳಿದರೆ ಗಂಡನ ಮಾನ ಹೋಗುತ್ತದೆ. ಅವಳು ಯಾರಿಗೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನದ ಆಟ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬಿಸಿಲು. ಕಲ್ಲಿನಾಥ ಇಡೀ ಮನೆಯನ್ನು ಹೊರಡಿಸಿದ್ದಲ್ಲದೆ ರಾಜಶೇಖರನನ್ನೂ ಕರೆದಿದ್ದ. ಆರು ವರ್ಷ ಮಗನ ಆಟದ ಸುದ್ದಿ ಎತ್ತಿದರೆ ಮುಖ ತಿರುಗಿಸುತ್ತಿದ್ದ ಮನುಷ್ಯ, ಈಗ ಕೋಚ್ ಎಂಬ ಮಾತು ಕೇಳಿದಾಗಿನಿಂದ ಮೆತ್ತಗಾಗಿದ್ದ. ಶಿವಕ್ಕ ಕೊಡೆ ಹಿಡಿದು ಮೊದಲ ಸಾಲಿನಲ್ಲಿ ಕೂತಳು.

ಡಾಸನ್ ಎಸೆಯುತ್ತಿದ್ದ. ಟ್ರೆವರ್ ಬ್ಯಾಟು ಹಿಡಿದು ಬಂದಾಗೆಲ್ಲ ಚೆಂಡು ಒಳಗೆ, ಮೊಣಕಾಲ ಹತ್ತಿರ ಬಂತು. ಬಂದಾಗೆಲ್ಲ ಅವನು ಬೀಸಿದ, ಬೀಸಿದಾಗೆಲ್ಲ ಗಾಳಿಗೆ ಬಿತ್ತು.

"ಏನಾಗೇತಿ ಈ ಹುಡುಗಗ ಇವತ್ತ?" ಎಂದಳು ಶಿವಕ್ಕ. "ರೊಟ್ಟಿ ಮೂರ ತಿಂದಿದ್ದ. ಶಕ್ತಿ ಇಲ್ಲದವ ಅಲ್ಲ."

ಲೀನಾ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು.

ಆಟದ ಕೊನೆಯ ಪಾಳಿ. ಮಿಲ್‌ರೈಟ್ಸ್ ಒಂದು ರನ್ ಹಿಂದಿತ್ತು. ಮೂರನೆಯ ಮೂಲೆಯಲ್ಲಿ ಅವರ ಹುಡುಗನೊಬ್ಬ ಓಡಿಬರಲು ಕಾದು ನಿಂತಿದ್ದ, ಅವನು ಬ್ಯಾಟಿನವನ ಮೂಲೆ ಮುಟ್ಟಿದರೆ ಸರಿಸಮ. ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಬ್ಯಾಟು ಹಿಡಿದು ಬಂದವನು ಮಿಹಿರ್. ಚೆಂಡು ತಾಗಿಸಿದರೂ ಸಾಕೆಂದು ಲೀನಾ ಕಣ್ಣು ಮುಚ್ಚಿಕೊಂಡಳು, ಮತ್ತೆ ತೆರೆದಳು. ಎರಡು ಸಲ ತಪ್ಪಿತು, ಮೂರನೆಯದೂ ತಪ್ಪಿದರೆ ಔಟು. ಮೂರನೆಯ ಚೆಂಡಿಗೆ ಡಾಸನ್ ಉಸಿರು ಬಿಟ್ಟು, ಆಮೇಲೆ ಕಾಲೆತ್ತಿದ. ಚೆಂಡು ಜೋರಾಗಿ ಬರುವ ಹಾಗೆ ಕಂಡಿತು. ಮಿಹಿರ್ ಮೈಯೆಲ್ಲ ತಿರುಗಿಸಿ ಬೀಸಿದ. ಅವನ ಬ್ಯಾಟು ದಾಟಿ ಹೋದ ಮೇಲೆ ಚೆಂಡು ಬಂದು ಮೆತ್ತಗೆ ಕುಸಿಯಿತು.

ಒಳ್ಳೆಯ ಚೆಂಡು ಬಿದ್ದಾಗ ಕ್ಯಾಚರ್‌ಗಳಿಗೊಂದು ರೂಢಿ. ಗವಸಿನ ಕೈಯನ್ನು ಪಿಚರನತ್ತ ನೇರ ಚಾಚಿ ಒಮ್ಮೆ ತಲೆದೂಗುವುದು. ಔಟಾಗಿ ನಿಂತಿದ್ದ ಮಿಹಿರ್ ಬ್ಯಾಟು ಕೆಳಗಿಳಿಸಿ, ಎಡಗೈಯನ್ನು ಡಾಸನ್‌ನತ್ತ ನೇರ ಚಾಚಿದ. ತಲೆದೂಗಿದ. ನಕ್ಕ.

ಅವನದೇ ತಂಡದವರು ಬೆಂಚಿನ ಮೇಲಿಂದ ಅದನ್ನು ನೋಡಿದರು. ಮುದುಕ ಮ್ಯಾನೇಜರು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಒಳಗೆ ನಡೆದ.

"ಅಲ್ಲೋ ಕಲ್ಲಿನಾಥ," ಎಂದ ರಾಜಶೇಖರ, "ಔಟಾದಾಂವ ಶಬ್ಬಾಸ್ ಅಂದನಲ್ಲೋ. ಇದು ಇವರ ಆಟದ ರಿವಾಜೇನು?"

ಕಲ್ಲಿನಾಥ ತಾಯಿಯ ಕೈಯಿಂದ ಕೊಡೆ ತೆಗೆದುಕೊಂಡು ಮಡಚಿದ.

ಆ ಸಂಜೆ ಮಿಹಿರ್ ಮನೆಗೆ ಬಂದಾಗ ಎಲ್ಲರೂ ಮೇಜಿನ ಸುತ್ತ ಇದ್ದರು, ಉಣ್ಣುವವರು ಯಾರೂ ಇರಲಿಲ್ಲ. ಅವನು ಚೀಲವನ್ನು ಬಾಗಿಲ ಬಳಿ ಎಸೆದು ನೇರ ಲೀನಾಳ ಹತ್ತಿರ ಬಂದ. ಮದುವೆಯಾದ ಹೊಸತರಲ್ಲಿ ಇಟಾಸ್ಕಾದ ಆ ಅಪಾರ್ಟ್‌ಮೆಂಟಿಗೆ ಗೆದ್ದು ಬರುತ್ತಿದ್ದ ದಿನಗಳ ಮುಖ.

"ನೋಡಿದೇನು ಲೀನಾ? ಆ ಚೇಂಜಪ್ ನೋಡಿದೇನು? ಎರಡ ವರ್ಷ ಆತು ಅವಂಗ ಬರವಲ್ದಾಗಿತ್ತು. ನನ್ನಽ ಕೆಡವಿದ ನೋಡು."

"ನಾನು ನೋಡಿದ್ದು ನೀನು ಔಟಾಗಿದ್ದು," ಎಂದಳು ಲೀನಾ.

"ಮ್ಯಾನೇಜರ್ ಏನಂದ?" ಕಲ್ಲಿನಾಥ ಕೇಳಿದ.

"ಟ್ರೆವರ್ ವಿಷಯ ಏನರ ಹೇಳಿದ್ದಿಯೇನು ಅವರಿಗೆ ಅಂತ ಕೇಳಿದ್ರು." ನಗು ನಿಧಾನವಾಗಿ ಇಳಿಯಿತು. "ಹೇಳೀನಿ ಅಂದೆ."

"ಸುಳ್ಳ ಹೇಳಾಕ ಬರಲಿಲ್ಲಾ?"

"ನನಗ ಸುಳ್ಳ ಹೇಳಾಕ ಕಲಿಸಿಲ್ಲಲ್ಲ ಪಪ್ಪಾ ನೀವು."

"ಕಲಿಸಬೇಕಾಗಿತ್ತು," ಎಂದ ಕಲ್ಲಿನಾಥ. "ಮಗಾ ಆಡ್ತಾನ ಅಂತ ಹೇಳಾಕ ನಾಚಿಕಿ ಬಿಟ್ಟು ಈ ವರ್ಷ ಶುರು ಮಾಡಿದ್ದೆ ನಾ. ಹತ್ತ ಮಂದಿಗೆ ಹೇಳೀನಿ. ರಾಜಶೇಖರನ್ನ ಕರಕೊಂಡ ಬಂದೆ. ನಿನ್ನ ಹೆಂಡತಿ ಕೆಲಸಾ ಬಿಟ್ಟು ಬಂದಾಳ. ಆ ಮುದಕಿ ಬಿಸಲಾಗ ಕುಂತಾಳ. ಯಾರ ಸಲುವಾಗಿ ಆಡಿದೀ ನೀ ಇವತ್ತ?"

"ಆ ಹುಡುಗ ನಮ್ಮ ಮನ್ಯಾಗ ಉಂಡಿದ್ದನಪಾ," ಎಂದಳು ಶಿವಕ್ಕ. ಬೈಗುಳದಂತಿರಲಿಲ್ಲ. ಅದಕ್ಕೇ ಮಿಹಿರ್ ಮುಖ ಮುಚ್ಚಿಕೊಂಡು ಅತ್ತ. ಶಾಂಭವಿ ಎದ್ದು ಮಗನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಲೀನಾ ಏಳಲಿಲ್ಲ. ಏಳಬೇಕೆನ್ನಿಸಿತು, ಆದರೆ ಸಿಟ್ಟು ಅವಳನ್ನು ಕುರ್ಚಿಗೆ ಹಿಡಿದು ಕೂರಿಸಿತ್ತು.

ಮಂಗಳವಾರ ಅವನು ಮೈದಾನಕ್ಕೆ ಹೋಗಿ ತನ್ನ ಸಾಮಾನು ತಂದ. ಮ್ಯಾನೇಜರು ಬೈಯಲಿಲ್ಲವಂತೆ. ನೀನು ಒಳ್ಳೆಯ ಕೋಚ್ ಆಗುತ್ತಿದ್ದೆ, ಎಂದನಂತೆ. ಟ್ರೆವರ್ ಮಾತಾಡಿಸಲಿಲ್ಲ. ಲೀನಾ ಬೇರೆ ತಂಡಗಳ ನಂಬರು ಹುಡುಕಿ ಒಬ್ಬೊಬ್ಬರಿಗೂ ಫೋನು ಮಾಡಿಸಿದಳು. ಪುಟ್ಟ ಲೀಗು, ಸುದ್ದಿ ಇವಳಿಗಿಂತ ಮೊದಲೇ ಎಲ್ಲ ಮ್ಯಾನೇಜರುಗಳಿಗೂ ಮುಟ್ಟಿತ್ತು. ಜುಲೈ ಮುಗಿಯುವ ಹೊತ್ತಿಗೆ ಕಲ್ಲಿನಾಥ ರಾಜಶೇಖರನಿಗೆ ಹೂಂ ಎಂದು ಹೇಳಿಬಿಟ್ಟ. ಮಗನನ್ನು ಕೇಳಲಿಲ್ಲ, ಮಗ ಬೇಡವೆನ್ನಲಿಲ್ಲ. ಶಾಂಭವಿ ಎರಡು ಪ್ಯಾಂಟು, ನಾಲ್ಕು ಅಂಗಿ ತಂದಳು. ಲೀನಾ ಇಸ್ತ್ರಿ ಮಾಡಿದಳು.

ಡಾಸನ್‌ನ ಫೋನು ಮಾತ್ರ ನಿಂತಿರಲಿಲ್ಲ. ನಡೆದದ್ದು ಅವನಿಗೆ ಗೊತ್ತಿರಲಿಲ್ಲ, ಮಿಹಿರ್ ಹೇಳಿರಲಿಲ್ಲ. ಆಫೀಸಿಗೆ ಸೇರುವ ಹಿಂದಿನ ಶುಕ್ರವಾರ ಊಟದ ಹೊತ್ತಿಗೆ ಬಂದ ಫೋನನ್ನು ಮಿಹಿರ್ ಎತ್ತಿ, ಕೆಳಗೆ ಹೋಗದೆ ಅಲ್ಲೇ ನಿಂತ. ಆ ಚೇಂಜಪ್ ನೋಡಲು ದೊಡ್ಡ ಲೀಗಿನವರು ಬಂದಿದ್ದರಂತೆ. ಡಾಸನ್‌ನನ್ನು ತೆಗೆದುಕೊಂಡರಂತೆ. ನಾಳೆಯೇ ಹೊರಡುತ್ತಾನಂತೆ. ಅಲ್ಲಿ ಅವರದೇ ಕೋಚ್‌ಗಳು ನಾಲ್ಕು ಜನ, ಹೊರಗಿನವರ ಮಾತು ಕೇಳಬಾರದೆಂದು ಮೊದಲೇ ಹೇಳಿದ್ದಾರಂತೆ.

ಅವನು ಒಳ್ಳೆಯ ಮಾತುಗಳನ್ನೆಲ್ಲ ಹೇಳಿ ಫೋನು ಇಟ್ಟು ಕೂತ. ರೊಟ್ಟಿ ಮುರಿದ. ಲೀನಾಳ ಸಿಟ್ಟು ಇನ್ನೂ ಇತ್ತು, ಆದರೂ ಎಷ್ಟೋ ದಿನಗಳ ಮೇಲೆ ಅವಳ ಎದೆ ಹಗುರಾಯಿತು. ಕಡೆಯ ಗಂಟೂ ಬಿಚ್ಚಿತು ಎಂದುಕೊಂಡಳು.

"ಮುಗೀತಲ್ಲ ಮಿಹಿರ್," ಎಂದಳು, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ. "ಈಗ ಅಲ್ಲಿಂದ ನಿನಗೆ ಫೋನ್ ಮಾಡೋರು ಯಾರೂ ಇಲ್ಲ."

"ಅಲ್ಲೆ ಒಬ್ಬ ಹೊಸಾ ಹುಡುಗ ಬಂದಾನ," ಎಂದ ಮಿಹಿರ್. "ಹತ್ತೊಂಬತ್ತ ವರ್ಷದಾಂವ. ಬಾಲ್ ಬಿಡೂ ಮುಂದ ಭುಜಾ ಇಳಸ್ತಾನ. ನಿನ್ನೆ ವಿಡಿಯೋದಾಗ ನೋಡಿದೆ. ಅವಂಗ ನನ್ನ ನಂಬರ್ ಕೊಡು ಅಂತ ಡಾಸನ್‌ಗ ಹೇಳೀನಿ."

ಕಲ್ಲಿನಾಥ ತಟ್ಟೆ ಸರಿಸಿ ಎದ್ದುಹೋದ.

ಶನಿವಾರ ಮಧ್ಯಾಹ್ನ ಮಿಹಿರ್ ಫೋನನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಉಂಡ. ಅದು ಸುಮ್ಮನಿತ್ತು. ಭಾನುವಾರವೂ ಇಟ್ಟುಕೊಂಡ. ಉಪ್ಪಿನಕಾಯಿ ತರಲು ಎದ್ದಾಗ ಜೇಬಿಗೆ ಹಾಕಿಕೊಂಡ, ಬಂದು ಮತ್ತೆ ಪಕ್ಕಕ್ಕಿಟ್ಟ. ಸದ್ದು ತೆಗೆದಿಟ್ಟಿದ್ದೇನೋ ಎಂದು ಒಮ್ಮೆ ನೋಡಿದ.

"ನಾಳೆ ಏಳಕ್ಕ ಹೊರಡಬೇಕು," ಎಂದ ಕಲ್ಲಿನಾಥ. "ನಾನಽ ಬಿಟ್ಟು ಬರ್ತೀನಿ ಮೊದಲನೇ ದಿನ."

"ಹೂಂ," ಎಂದ ಮಿಹಿರ್.

ಅವನ ಕಣ್ಣು ಮೇಜಿನ ಮೇಲಿಂದ ಏಳಲಿಲ್ಲ. ಹಾಗೆ ಕೂತವನ ಮುಖವನ್ನು ಲೀನಾ ನೋಡಿದಳು. ನೋಡಲಾಗದೆ ಮಜ್ಜಿಗೆಯ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ನಿಂತಳು. ಎರಡು ತಿಂಗಳು ಎತ್ತಬೇಡವೆಂದು ಕಾಲು ಹಿಡಿದವಳು ಇವಳೇ. ಈಗ ಅವಳಿಗೆ ಬೇರೇನೂ ಬೇಕಿರಲಿಲ್ಲ. ಆ ಹತ್ತೊಂಬತ್ತರ ಹುಡುಗ, ಹೆಸರೂ ಗೊತ್ತಿಲ್ಲದವನು, ಒಂದು ಸಲ ಫೋನು ಮಾಡಲಿ, ಇವನು ಎದ್ದು ಬೇಸ್‌ಮೆಂಟಿಗೆ ಹೋಗಲಿ ಎಂದು ನಲ್ಲಿಯ ನೀರನ್ನೂ ನಿಲ್ಲಿಸಿ, ಕಿವಿಗೊಟ್ಟು ನಿಂತಳು.